ಮಾಸ್ಟ್ರು ಹೇಳಿದ ಗೋಡೆ

ಹವಾಮಾನ ಕಚೇರಿಯವರು ಒಂದು ದಿನದ ತರಬೇತಿ ಕೊಟ್ಟು, ಕೊನೆಗೆ ಒಂದು ಗುರುತಿನ ಚೀಟಿಯನ್ನೂ ಹಳದಿ ಬಣ್ಣದ ತೋಳಿಲ್ಲದ ಕೋಟನ್ನೂ ಕೈಗಿಟ್ಟು ಕಳಿಸಿದ ದಿನ, ಟೈಲರ್ ಮಾಸ್ಟ್ರು ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಮಾಡಿದ ಕೆಲಸವೆಂದರೆ ಆ ಕೋಟಿನ ಹೊಲಿಗೆ ಬಿಚ್ಚಿ ಮತ್ತೆ ಹೊಲಿದದ್ದು. ಸರ್ಕಾರದ ಕೋಟು ಹೆಗಲಲ್ಲಿ ಎರಡಿಂಚು ಜೋಲುತ್ತಿತ್ತು. ಬಿರುಗಾಳಿಗೆ ಎದುರು ನಿಲ್ಲಬೇಕಾದ ಮನುಷ್ಯ ಜೋಲು ಹೆಗಲಿನಲ್ಲಿ ನಿಂತರೆ ಬಿರುಗಾಳಿ ಏನೆಂದುಕೊಂಡೀತು ಎಂಬುದು ಅವರ ವಾದ.

"ರೀ, ಇದು ಏನು ಕೆಲಸ ಅಂತ ಸರಿಯಾಗಿ ಹೇಳಿ," ಎಂದರು ಹೆಂಡತಿ.

"ಸ್ವಯಂಸೇವಕ ಬಿರುಗಾಳಿ ವೀಕ್ಷಕ."

"ಅಂದ್ರೆ?"

"ಅಂದ್ರೆ ಆಕಾಶ ನೋಡೋದು."

"ಅದನ್ನ ನೀವು ಮೊದಲಿಂದಲೂ ಮಾಡ್ತಾ ಇದ್ದೀರಲ್ಲ," ಎಂದು ಅವರು ಒಳಗೆ ಹೋದರು.

ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಅಳಿಯಂದಿರೇ, ಮೋಡ ನೋಡೋಕೆ ರಾಡಾರ್ ಅಂತ ದೊಡ್ಡ ಮಷೀನ್ ಇದೆಯಂತಲ್ಲ. ಅದು ಕೆಟ್ಟುಹೋಯ್ತಾ, ನಿಮ್ಮನ್ನ ಕರೆದಿದ್ದಾರೆ?"

ಮಾಸ್ಟ್ರು ಸೂಜಿಯನ್ನು ತುಟಿಗಳ ನಡುವಿನಿಂದ ತೆಗೆದು, ತರಬೇತಿಯಲ್ಲಿ ಕೇಳಿದ್ದನ್ನು ಹೇಳಿದರು. "ಮಷೀನ್ ದೂರದಿಂದ ಮೋಡದ ಹೊಟ್ಟೆ ನೋಡುತ್ತೆ, ಅತ್ತೆ. ನೆಲದ ಹತ್ತಿರ ಏನಾಗ್ತಿದೆ ಅಂತ ಅದಕ್ಕೆ ಕಾಣಲ್ಲ. ಮೋಡದ ಕಾಲು ಎಲ್ಲಿದೆ ಅಂತ ನಮ್ಮಂಥವರೇ ಹೇಳ್ಬೇಕು."

"ಮೋಡಕ್ಕೆ ಕಾಲು!" ಎಂದರು ಅತ್ತೆ ಮಗಳತ್ತ ತಿರುಗಿ. "ಕೇಳಿದೆಯೇನೇ? ಇನ್ನು ಅದಕ್ಕೂ ಪ್ಯಾಂಟು ಹೊಲೀತಾರೆ."

ಮೂರಂತಸ್ತಿನ ಆ ಕಟ್ಟಡದಲ್ಲಿ ಕೆಳಗೆ ಅಂಗಡಿಗಳು, ಮೇಲೆ ಹನ್ನೊಂದು ಸಂಸಾರಗಳು. ಮಾಸ್ಟ್ರ ಅಂಗಡಿ ಕೆಳಗೆ ಮುಂಭಾಗದಲ್ಲಿ, ಮನೆ ಅದರ ಹಿಂದೆ; ನಡುವೆ ಒಂದು ಪರದೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ 'ಕೋಟು, ಪ್ಯಾಂಟು, ಶರಟು' ಎಂಬ ಹಳೆಯ ಬೋರ್ಡಿನ ಕೆಳಗೆ ಹೊಸದೊಂದು ನೇತಾಡುತ್ತಿತ್ತು: 'ಬಿರುಗಾಳಿ ವೀಕ್ಷಕರು, ನಂಬರ್ ೪೭.'

ಮೊದಲು ಬಂದದ್ದು ಪಕ್ಕದ ಇಸ್ತ್ರಿ ಅಂಗಡಿಯಾಕೆ. ಇಡೀ ಕಟ್ಟಡ ಆಕೆಯನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿತ್ತು. ಆಕೆಯ ಕಿವಿಗೆ ಬಿದ್ದ ಸುದ್ದಿ ಮೂರನೇ ಮಹಡಿ ಮುಟ್ಟಲು ಬಿಸಿ ಇಸ್ತ್ರಿಪೆಟ್ಟಿಗೆ ತಣ್ಣಗಾಗುವಷ್ಟು ಹೊತ್ತೂ ಬೇಕಾಗಿರಲಿಲ್ಲ.

"ಮಾಸ್ಟ್ರೇ, ಹದಿನೆಂಟು ಬೆಡ್‌ಶೀಟು ಒಣಹಾಕ್ಬೇಕು. ನಾಲ್ಕು ಗಂಟೆ ತನಕ ಮಳೆ ಬರಲ್ಲ ತಾನೆ?"

"ಅಕ್ಕಾ, ಅದು ಮುನ್ಸೂಚನೆ. ಆ ವಿಭಾಗ ಬೇರೆ. ನಾನು ವೀಕ್ಷಕ. ಬರೋದನ್ನ ಹೇಳಲ್ಲ, ಬಂದದ್ದನ್ನ ಹೇಳ್ತೀನಿ."

"ಬಂದದ್ದು ನಮಗೂ ಗೊತ್ತಾಗುತ್ತಲ್ಲ ಮಾಸ್ಟ್ರೇ. ನೆನೀತೀವಲ್ಲ!"

ಇಂಥ ಮಾತಿಗೆಲ್ಲ ಕುಗ್ಗುವ ಜಾತಿಯವರಲ್ಲ ನಮ್ಮ ಮಾಸ್ಟ್ರು. ಮೂವತ್ತು ವರ್ಷ ಬರಿಗಣ್ಣಿನಲ್ಲೇ ಜನರ ಸೊಂಟದ ಅಳತೆ ಹೇಳಿದವರು, ಮೋಡದ್ದು ಹೇಳಲಾರರೇ? ಮೂರನೇ ದಿನವೇ ಮೊದಲ ವರದಿ ಹೋಯಿತು. ಹವಾಮಾನ ಕಚೇರಿಯಲ್ಲಿ ಫೋನ್ ಎತ್ತುವವರು ತರಬೇತಿ ಕೊಟ್ಟ ಮೇಡಂ ಅವರೇ.

"ಮೇಡಂ, ನಂಬರ್ ನಲವತ್ತೇಳು ಮಾತಾಡ್ತಿದ್ದೀನಿ. ಮೋಡದಿಂದ ಸೊಂಡಿಲು ಇಳಿದಿದೆ! ನೆಲ ಮುಟ್ಟಿದೆ!"

"ಎಲ್ಲಿ?"

"ನಮ್ಮ ಬೀದಿ ಕೊನೇಲಿ."

"ತಿರುಗ್ತಾ ಇದೆಯಾ?"

"ಸ್ವಲ್ಪ ವಾಲ್ತಾ ಇದೆ."

"ಅದರ ಬುಡದಲ್ಲಿ ಏನಿದೆ, ನೋಡಿ ಹೇಳಿ."

ಮಾಸ್ಟ್ರು ಬೀದಿಗಿಳಿದು ನೋಡಿದರು. ಬುಡದಲ್ಲಿ ಬೇಕರಿಯ ಚಿಮಣಿ ಇತ್ತು.

ಎರಡನೆಯ ವರದಿ ಜೋರು ಮಳೆಯ ಬಗ್ಗೆ. "ಬರೀ ಮಳೆ ಬೇಡ, ನಲವತ್ತೇಳು," ಎಂದರು ಮೇಡಂ. "ಆಲಿಕಲ್ಲು, ಮರ ಮುರಿಯೋ ಗಾಳಿ, ತಿರುಗೋ ಮೋಡ, ನುಗ್ಗೋ ನೀರು. ಇವಿಷ್ಟು ಕಂಡ್ರೆ ಮಾತ್ರ."

ಮುಂದಿನ ವಾರ ನಿಜವಾಗಿ ನಾಲ್ಕು ಆಲಿಕಲ್ಲು ಬಿದ್ದವು.

"ಗಾತ್ರ?" ಎಂದರು ಮೇಡಂ.

"ಕೋಟಿನ ಗುಂಡಿಯಷ್ಟು."

"ಕೋಟಿನ ಗುಂಡಿ ಎಷ್ಟಿರುತ್ತೆ?"

"ಮುಂದಿನದಾ, ತೋಳಿನದಾ ಮೇಡಂ?"

ಆ ತುದಿಯಲ್ಲಿ ದೀರ್ಘವಾಗಿ ಉಸಿರು ಬಿಟ್ಟ ಸದ್ದು ಕೇಳಿಸಿತು. "ನಲವತ್ತೇಳು, ಎಲ್ಲರಿಗೂ ಗೊತ್ತಿರೋ ವಸ್ತು ಹೇಳಿ. ಗೋಲಿ, ನಿಂಬೆಹಣ್ಣು, ಕೋಳಿಮೊಟ್ಟೆ. ಇದರಲ್ಲಿ ಯಾವುದು?"

"ಗೋಲಿ. ಸಣ್ಣ ಗೋಲಿ."

"ಸರಿ, ಬರ್ಕೊಂಡೆ. ನೋಡಿ, ಕಂಡದ್ದನ್ನ ಹೇಳಿ, ಅನ್ನಿಸಿದ್ದನ್ನ ಹೇಳ್ಬೇಡಿ. ಏನು, ಎಲ್ಲಿ, ಯಾವ ಕಡೆ ಹೋಗ್ತಿದೆ, ಗಂಟೆ ಎಷ್ಟು. ಮುಗೀತು."

ಬರೆದುಕೊಂಡರು! ಸರ್ಕಾರಿ ದಾಖಲೆಯಲ್ಲಿ ತಮ್ಮ ಗೋಲಿ ಸೇರಿತೆಂಬ ಹಿಗ್ಗಿನಲ್ಲಿ ಮಾಸ್ಟ್ರು ಆ ಮಾತನ್ನು ಗುರುತು ಹಾಕುವ ಸೀಮೆಸುಣ್ಣದಿಂದ ಹೊಲಿಗೆ ಮಷೀನಿನ ಮೇಲಿನ ಹಲಗೆಯ ಮೇಲೆ ಬರೆದರು: 'ಕಂಡದ್ದನ್ನು ಹೇಳು.' ಸಂಜೆಯೊಳಗೆ ಅದರ ಕೆಳಗೆ ಹೆಂಡತಿಯ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿತ್ತು: 'ಬೇಕರಿ ಬಿಟ್ಟು.'

ಆಮೇಲೆ ಬಂತು ಆ ಗುರುವಾರ.

ಮಧ್ಯಾಹ್ನದಿಂದಲೇ ಗಾಳಿ ಸತ್ತುಹೋಗಿತ್ತು. ಮೂರೂವರೆಗೆ ಪಶ್ಚಿಮದಲ್ಲಿ ಒಂದು ಮೋಡ ಎದ್ದಿತು. ಎದ್ದದ್ದು ಎಂದರೆ ಎದ್ದದ್ದೇ. ಹೂಕೋಸಿನಂತೆ ಉಬ್ಬುಬ್ಬಿ ಏರಿ, ತುತ್ತತುದಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ತಲೆ ಚಪ್ಪಟೆಯಾಗಿ ಹರಡಿಕೊಂಡಿತು. ಮಾಸ್ಟ್ರು ಅರ್ಧ ಕತ್ತರಿಸಿದ ಬಟ್ಟೆಯನ್ನು ಹಾಗೇ ಬಿಟ್ಟು, ಹಳದಿ ಕೋಟು ತೊಟ್ಟು, ಫೋನು ಹಿಡಿದು ತಾರಸಿಗೆ ಓಡಿದರು. ಕೊರಳಲ್ಲಿ ಟೇಪು ಇದ್ದೇ ಇತ್ತು. ತಾರಸಿಯಲ್ಲಿ ಇಸ್ತ್ರಿ ಅಕ್ಕನ ಬೆಡ್‌ಶೀಟುಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳ ಹಿಂದೆ ಆಕೆಯೇ ಕೂತು ಕ್ಲಿಪ್ಪು ಆರಿಸುತ್ತಿದ್ದದ್ದು ಮಾಸ್ಟ್ರಿಗೆ ಕಾಣಲಿಲ್ಲ. ಆಕಾಶ ನೋಡುವವರಿಗೆ ನೆಲದ ಮೇಲಿನದು ಕಾಣಬೇಕೆಂಬ ನಿಯಮ ತರಬೇತಿಯಲ್ಲೂ ಇರಲಿಲ್ಲ.

ಮೋಡದ ತಳ ಹಲಗೆಯಂತೆ ಮಟ್ಟಸವಾಗಿ, ಕಪ್ಪಾಗಿತ್ತು. ಆ ತಳದ ಒಂದು ಮೂಲೆಯಲ್ಲಿ, ಮಳೆ ಬೀಳದ ಕಡೆ, ದಪ್ಪನೆಯ ಒಂದು ತುಂಡು ಕೆಳಗೆ ಜಗ್ಗಿಕೊಂಡಿತ್ತು. ತರಬೇತಿಯ ಪರದೆಯ ಮೇಲೆ ಮೇಡಂ ಕೋಲಿಟ್ಟು ತೋರಿಸಿದ ಗೋಡೆ ಮೋಡ ಇದೇ. ಬಿರುಗಾಳಿಯ ಅತಿ ಕೆಟ್ಟ ಭಾಗ ಇದರ ಹತ್ತಿರದಲ್ಲೇ ಇರುತ್ತದೆ.

ಹಿಂದಿನ ಮಾಸ್ಟ್ರಾಗಿದ್ದರೆ ಆ ಕ್ಷಣವೇ ಫೋನು ಮಾಡುತ್ತಿದ್ದರು. ಈಗಿನವರು ಬೇಕರಿ ಕಂಡವರು. ಹರಕು ಮೋಡಗಳೂ ಹೀಗೇ ಜೋತಾಡಿ ಮೋಸ ಮಾಡುತ್ತವೆ. ಅವು ಗಾಳಿ ಎಳೆದತ್ತ ಹೋಗುತ್ತವೆ, ತಿರುಗುವುದಿಲ್ಲ. ಐದು ನಿಮಿಷ ನೋಡಿ ಎಂದಿದ್ದರು ಮೇಡಂ. ಮಾಸ್ಟ್ರು ನೀರಿನ ಪೈಪಿಗೆ ಬೆನ್ನು ಕೊಟ್ಟು, ಒಂದು ಕಣ್ಣು ಮುಚ್ಚಿ, ಟೇಪನ್ನು ತೂಗುಬಿಟ್ಟು ಹಿಡಿದು, ಮೋಡದ ಅಂಚನ್ನು ಅದಕ್ಕೆ ಹೊಂದಿಸಿ ನೋಡಿದರು. ಒಂದು ಅಂಚು ಮುಂದೆ ಬರುತ್ತಿತ್ತು, ಇನ್ನೊಂದು ಹಿಂದೆ ಸರಿಯುತ್ತಿತ್ತು. ಟ್ರಯಲ್ ರೂಮಿನಲ್ಲಿ ಗಿರಾಕಿ ಕನ್ನಡಿಯ ಮುಂದೆ ನಿಧಾನವಾಗಿ ಸುತ್ತುವಂತೆ ಅದು ಸುತ್ತುತ್ತಿತ್ತು. ಐದು ನಿಮಿಷ ಕಳೆಯಿತು. ಗಂಟೆ ನಾಲ್ಕು ಹನ್ನೆರಡು.

ಆಗ ಫೋನು ಮಾಡಿದರು. ಮೇಡಂ ಕೇಳಿದ್ದು ಮಾಸ್ಟ್ರಿಗೆ ಮಾತ್ರ ಕೇಳಿಸಿತು. ಬೆಡ್‌ಶೀಟಿನ ಹಿಂದಿದ್ದ ಇಸ್ತ್ರಿ ಅಕ್ಕನಿಗೆ ಕೇಳಿಸಿದ್ದು ಇಷ್ಟು:

"ಮೇಡಂ, ಗೋಡೆ! ಗೋಡೆ ಇಳೀತಾ ಇದೆ! ... ಹೌದು, ಕಣ್ಣಾರೆ ನೋಡ್ತಾ ಇದ್ದೀನಿ. ... ಐದು ನಿಮಿಷದಿಂದ. ನಿಧಾನಕ್ಕೆ ತಿರುಗ್ತಾ ಇದೆ. ... ಪಶ್ಚಿಮದ ಕಡೆ. ... ನಮ್ಮ ಕಡೆಗೇ ಬರ್ತಿದೆ ಮೇಡಂ. ... ಇಪ್ಪತ್ತು ನಿಮಿಷ ಅಂದ್ಕೊಳ್ಳಿ, ನಮ್ಮ ತಲೆ ಮೇಲೇ!"

ಆಕೆಯ ಕೈಯಿಂದ ಕ್ಲಿಪ್ಪಿನ ಬುಟ್ಟಿ ಜಾರಿತು. ಬುಟ್ಟಿ ಮೊದಲು ಕೆಳಗೆ ತಲುಪಿತೋ ಆಕೆ ಮೊದಲು ತಲುಪಿದಳೋ ಎಂಬ ಬಗ್ಗೆ ಎರಡನೇ ಮಹಡಿಯವರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

"ಏಳ್ರೋ! ಪಶ್ಚಿಮದ ಗೋಡೆ ಬೀಳ್ತಾ ಇದೆ! ಮಾಸ್ಟ್ರು ಸರ್ಕಾರಕ್ಕೆ ಫೋನ್ ಮಾಡಿ ಹೇಳಿದ್ದಾರೆ! ತಿರುಗಿ ಬೀಳುತ್ತಂತೆ, ತಿರುಗಿ!"

ಮೋಡದ ವಿಷಯದಲ್ಲಿ ಮಾಸ್ಟ್ರನ್ನು ಯಾರೂ ನಂಬಿರಲಿಲ್ಲ. ಆದರೆ ಗೋಡೆಯ ಮಾತು ಬೇರೆ. ಹನ್ನೊಂದು ಸಂಸಾರವೂ ಆರು ನಿಮಿಷದಲ್ಲಿ ಹೊರಗೆ ಬಂತು. ಯಾರೋ ಮಿಕ್ಸಿ ತಂದರು, ಯಾರೋ ಮದುವೆಯ ಫೋಟೋ ತಂದರು, ಒಬ್ಬಾತ ಸೋಪು ಹಚ್ಚಿದ ಅರ್ಧ ಗಡ್ಡದಲ್ಲಿ ಬಂದ. ಮೂರನೇ ಮಹಡಿಯ ಪಶ್ಚಿಮದ ಮನೆಯಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ಗೋಡೆಗೆ ಒಮ್ಮೆ ಕಿವಿ ಇಟ್ಟು ಕೇಳಿ, ಏನೋ ಕೇಳಿಸಿತೆಂದು ಪಂಚಾಂಗವನ್ನೂ ಕನ್ನಡಕವನ್ನೂ ಎತ್ತಿಕೊಂಡು ಇಳಿದರು. ಇಳಿಯುವ ದಾರಿಯಲ್ಲೇ ಪುರಸಭೆಯ ಎಂಜಿನಿಯರಿಗೆ ಫೋನು ಮಾಡಿದರು. ಎಲ್ಲರೂ ಪಶ್ಚಿಮಕ್ಕೆ ಬೆನ್ನು ಹಾಕಿ, ಕಟ್ಟಡದ ಮುಂದಿನ ಬಯಲಿನಲ್ಲಿದ್ದ ದೊಡ್ಡ ಮರದ ಕೆಳಗೆ ಗುಂಪಾಗಿ ನಿಂತರು. ಅತ್ತೆ ತಮ್ಮ ಕುರ್ಚಿಯನ್ನೇ ತರಿಸಿಕೊಂಡು ಮಧ್ಯದಲ್ಲಿ ಕೂತರು.

ಮಾಸ್ಟ್ರು ಇಳಿದು ಬಂದಾಗ ಕಂಡ ನೋಟ ಇದು. ಅವರ ಕಣ್ಣು ತುಂಬಿ ಬಂತು. ಕೊನೆಗೂ ಜನ ತಮ್ಮ ವೀಕ್ಷಣೆಗೆ ಬೆಲೆ ಕೊಟ್ಟರು!

"ಎಲ್ಲರಿಗೂ ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು ಮಾಸ್ಟ್ರೇ! ಇನ್ನೆಷ್ಟು ಹೊತ್ತು?"

"ಹೆಚ್ಚಂದ್ರೆ ಹದಿನೈದು ನಿಮಿಷ."

ಗುಂಪು ಹೋ ಎಂದಿತು. ಪೋಸ್ಟ್‌ಮಾಸ್ಟರು ಮುಂದೆ ಬಂದು, "ಎಷ್ಟು ಎತ್ತರದ್ದು ಬೀಳುತ್ತೆ?" ಎಂದು ಕೇಳಿದರು.

"ಎತ್ತರ ಸರಿಯಾಗಿ ಹೇಳೋಕಾಗಲ್ಲ. ಅಗಲ ಮಾತ್ರ ಒಂದೆರಡು ಕಿಲೋಮೀಟರ್ ಇರ್ಬೇಕು."

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ತಮ್ಮ ಮನೆಯ ಗೋಡೆ ಅಷ್ಟು ಅಗಲವೆಂದು ಅವರಿಗೆ ಗೊತ್ತಿರಲಿಲ್ಲ.

"ಸರಿ, ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ?" ಎಂದರು ಮಾಸ್ಟ್ರು. "ಎಲ್ಲರೂ ಒಳಗೆ ಹೋಗಿ! ಕೆಳಗಿನ ಮಹಡಿಗೆ, ಕಿಟಕಿಯಿಂದ ದೂರ! ಬಯಲಲ್ಲಿ ನಿಲ್ಬೇಡಿ, ಮರದ ಕೆಳಗಂತೂ ಬೇಡ್ವೇ ಬೇಡ!"

ಎಲ್ಲರೂ ಒಟ್ಟಿಗೇ ಮಾತಾಡಿದರು. ಗೋಡೆ ಬೀಳುತ್ತದೆಂದು ಹೇಳಿ ಕಟ್ಟಡದೊಳಗೆ ಹೋಗಿ ಎನ್ನುವ ಮನುಷ್ಯನಿಗೆ ಏನಾಗಿದೆ ಎಂಬುದೇ ಆ ಮಾತುಗಳ ಸಾರ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ತಲೆ ಮೊದಲೇ ಸಡಿಲ ಇತ್ತು. ಈಗ ಆ ಹಳದಿ ಕೋಟು ಪೂರ್ತಿ ಬಿಚ್ಚಿಬಿಡ್ತು," ಎಂದರು.

ವಿಷಯ ಬಿಡಿಸಲು ಎರಡು ನಿಮಿಷ ಹಿಡಿಯಿತು. ಗೋಡೆ ಎಂದರೆ ಈ ಗೋಡೆಯಲ್ಲ, ಮೋಡ ಎಂದು ಮಾಸ್ಟ್ರು ಆಕಾಶ ತೋರಿಸಿದರು. ಆದರೆ ಆ ಹೊತ್ತಿಗೆ ಮೋಡ ಕಟ್ಟಡದ ಹಿಂದಿತ್ತು. ಬಯಲಿನಲ್ಲಿ ನಿಂತವರಿಗೆ ಕಾಣುತ್ತಿದ್ದದ್ದು ಕಟ್ಟಡದ ಗೋಡೆ ಮಾತ್ರ.

"ಅಲ್ಲಿ ನೋಡಿ!" ಎಂದರು ಮಾಸ್ಟ್ರು.

"ಅದನ್ನೇ ನೋಡ್ತಿದ್ದೀವಿ ಮಾಸ್ಟ್ರೇ!" ಎಂದಳು ಇಸ್ತ್ರಿ ಅಕ್ಕ.

ಅಷ್ಟರಲ್ಲಿ ಪುರಸಭೆಯ ಎಂಜಿನಿಯರು ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಸ್ಕೂಟರಿನಲ್ಲಿ ಬಂದಿಳಿದರು. "ಲಿಖಿತ ದೂರು ಇದೆಯಾ?" ಎಂದು ಮೊದಲು ಕೇಳಿ, ಇಲ್ಲವೆಂದ ಮೇಲೆ ಗೋಡೆಯನ್ನು ಮೂರು ಕಡೆ ಬೆರಳ ಗೆಣ್ಣಿನಿಂದ ಕುಟ್ಟಿದರು. ಗೋಡೆ ಗೋಡೆಯಂತೆಯೇ ಸದ್ದು ಮಾಡಿತು. "ಇದಕ್ಕೇನಾಗಿದೆ? ಕಲ್ಲುಗುಂಡಿನ ಹಾಗಿದೆ," ಎಂದರು.

"ಬಾಯಲ್ಲಿ ಹೇಳಿದ್ರೆ ಆಗಲ್ಲ," ಎಂದರು ಪೋಸ್ಟ್‌ಮಾಸ್ಟರು. "ಬರೆದು ಕೊಡಿ."

ಆಗಲೇ ಕಟ್ಟಡದ ನೆತ್ತಿಯ ಹಿಂದೆ ಮಿಂಚು ಹೊಳೆಯಿತು. ಮಾಸ್ಟ್ರಿಗೆ ತರಬೇತಿಯ ಇನ್ನೊಂದು ಪಾಠ ನೆನಪಾಯಿತು. ಜನರಿಗೆ ಮೋಡ ತೋರಿಸಲಾಗದಿದ್ದರೆ ಬೇಡ, ಕೇಳಿಸಬಹುದಲ್ಲ! ಅವರು ಅತ್ತೆಯ ಪಕ್ಕದಲ್ಲಿದ್ದ ಯಾರದೋ ಟ್ರಂಕಿನ ಮೇಲೆ ಹತ್ತಿ ನಿಂತರು.

"ಎಲ್ಲರೂ ನನ್ನ ಜೊತೆ ಎಣಿಸಿ! ಗುಡುಗು ಕೇಳೋ ತನಕ! ಮೂವತ್ತರ ಒಳಗೆ ಬಂದ್ರೆ ಹೊರಗೆ ನಿಲ್ಲೋ ಹಾಗಿಲ್ಲ. ಒಂದು! ಎರಡು!"

ಎಣಿಸುವುದು ಸುಲಭದ ಕೆಲಸವಾದ್ದರಿಂದ ಜನ ಎಣಿಸಿದರು. ಇಪ್ಪತ್ತೊಂದಕ್ಕೆ ದೂರದಲ್ಲಿ ಗುಡುಗಿತು.

"ಇಪ್ಪತ್ತೊಂದಲ್ವಾ, ಇನ್ನೂ ಟೈಮಿದೆ," ಎಂದ ಅರ್ಧ ಗಡ್ಡದವನು.

"ಮೂರಕ್ಕೆ ಒಂದು ಕಿಲೋಮೀಟರ್ ಲೆಕ್ಕ. ಏಳು ಕಿಲೋಮೀಟರ್ ದೂರ ಅಷ್ಟೆ!"

ಮತ್ತೆ ಮಿಂಚಿತು. ಈ ಸಲ ಯಾರೂ ಹೇಳದೆ ಎಣಿಕೆ ಶುರುವಾಯಿತು. ಹದಿನಾಲ್ಕು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಿಕ್ಸಿ ತಂದವರು ಮಿಕ್ಸಿಯನ್ನು ಎದೆಗವಚಿಕೊಂಡರು. ಎಂಜಿನಿಯರು ತಾವಾಗಿಯೇ ಫೈಲು ಬಿಚ್ಚಿ, ಸ್ಕೂಟರಿನ ಸೀಟಿನ ಮೇಲಿಟ್ಟು ಬರೆಯತೊಡಗಿದರು.

"ಈ ಕಟ್ಟಡವು, ಪರಿಶೀಲಿಸಲಾಗಿ..." ಎಂದು ಅವರು ಬರೆಯುತ್ತಲೇ ಓದಿದರು. ಮಿಂಚಿತು. ಗುಂಪು ಎಣಿಸಿತು. "ಎಲ್ಲ ರೀತಿಯಿಂದಲೂ... ಭದ್ರವಾಗಿದೆ ಎಂದು..." ಏಳಕ್ಕೆ ಗುಡುಗು ಬಡಿಯಿತು. "ದೃಢೀಕರಿಸಲಾಗಿದೆ!" ಎಂದು ಎಂಜಿನಿಯರು ಕೂಗಿಯೇ ಬಿಟ್ಟು ಸಹಿ ಹಾಕಿದರು. ಅಭ್ಯಾಸಬಲದಿಂದ ಕೆಳಗೆ ಸಮಯವನ್ನೂ ಬರೆದರು: ೪-೨೮.

"ಸೀಲು?" ಎಂದರು ಪೋಸ್ಟ್‌ಮಾಸ್ಟರು.

"ಸೀಲು ಆಫೀಸಲ್ಲಿದೆ ಸ್ವಾಮಿ!"

ಸೀಲಿಗೆ ಯಾರೂ ಕಾಯಲಿಲ್ಲ. ಕಾಗದ ಕಂಡದ್ದೇ ಸಾಕೆಂದು ಜನ ಬಾಗಿಲತ್ತ ನುಗ್ಗಿದರು. ಮಾಸ್ಟ್ರು ಬಾಗಿಲಲ್ಲಿ ನಿಂತು, ಸಭೆಗೆ ಬಂದವರನ್ನು ಸ್ವಾಗತಿಸುವಂತೆ ಒಬ್ಬೊಬ್ಬರನ್ನೇ ಮೆಟ್ಟಿಲ ಕೆಳಗಿನ ನಡುಮನೆಗೆ ಕಳಿಸಿದರು. ಬಯಲಿನಲ್ಲಿ ಉಳಿದವರು ಅತ್ತೆ ಒಬ್ಬರೇ.

"ಅಮ್ಮಾ, ಏಳು!" ಎಂದು ಮಗಳು ಬಾಗಿಲಿಂದ ಕೂಗಿದರು.

"ನಾನು ಬರಲ್ಲ. ಆ ಮನುಷ್ಯನ ಮಾತು ಕೇಳಿ ನಾನು ಎಲ್ಲಿಗೂ ಹೋದವಳಲ್ಲ."

ಮಾಸ್ಟ್ರು ಬಯಲಿಗೆ ಇಳಿದು ಹೋಗಿ ಅತ್ತೆಯ ಕುರ್ಚಿಯ ಪಕ್ಕದಲ್ಲಿ ನಿಂತರು.

"ನೀವ್ಯಾಕೆ ಬಂದ್ರಿ?"

"ನೀವು ಇಲ್ಲಿದ್ರೆ ನಾನೂ ಇಲ್ಲೇ."

ಮಿಂಚಿತು. ಇಬ್ಬರೇ ಎಣಿಸಿದರು. ಅತ್ತೆಯ ಧ್ವನಿ ಜೋರಾಗಿತ್ತು: "ಒಂದು. ಎರಡು. ಮೂ..."

ಮೂರು ಮುಗಿಯಲಿಲ್ಲ. ಭೂಮಿಯೇ ಸೀಳಿದಂತೆ ಸದ್ದಾಯಿತು. ಅತ್ತೆ ಎದ್ದರು. ಎದ್ದು, ಅಳಿಯನ ಮುಖ ನೋಡಿ, "ಕುರ್ಚಿ ತಗೊಳ್ಳಿ," ಎಂದು ಅಪ್ಪಣೆ ಕೊಟ್ಟು, ಅರವತ್ತೆಂಟು ವರ್ಷದ ಕಾಲುಗಳು ಎಂದೂ ಕಂಡರಿಯದ ವೇಗದಲ್ಲಿ ಬಾಗಿಲು ದಾಟಿದರು. ಮಾಸ್ಟ್ರು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹಿಂದೆ ಓಡಿದರು. ಬಾಗಿಲ ಬಳಿ ಮೊದಲ ಆಲಿಕಲ್ಲು ಕುರ್ಚಿಯ ಮೇಲೆ ಟಪ್ಪೆಂದು ಬಿತ್ತು.

ಆಮೇಲಿನ ಹತ್ತು ನಿಮಿಷ ನಡುಮನೆಯಲ್ಲಿ ಒಬ್ಬರಿಗೊಬ್ಬರ ಮಾತು ಕೇಳಿಸಲಿಲ್ಲ. ಆಲಿಕಲ್ಲು ಸ್ಕೂಟರಿನ ಮೇಲೆ ತಮಟೆ ಬಾರಿಸಿತು. ಗಾಳಿ ಬಾಗಿಲನ್ನು ಒಳಕ್ಕೆ ತಳ್ಳಿತು. ಎಂಜಿನಿಯರು, ಪೋಸ್ಟ್‌ಮಾಸ್ಟರು, ಅರ್ಧ ಗಡ್ಡದವನು ಮೂವರೂ ಬೆನ್ನು ಕೊಟ್ಟು ತಡೆದರು. ಹೊರಗೆ ಮರದಿಂದ ಲಟಲಟ ಎಂಬ ಸದ್ದು ಬಂತು. ಅದರ ಬೆನ್ನಿಗೇ ಮೇಲಿನಿಂದ ದಡಾರನೆ ಏನೋ ಬಿದ್ದ ಸದ್ದು, ನೆಲ ನಡುಗಿತು. ಮಾಸ್ಟ್ರು ಮಾತ್ರ ಕೈಗಡಿಯಾರ ನೋಡಿಕೊಂಡರು. ನಾಲ್ಕು ಮೂವತ್ತೆಂಟು.

ಗಾಳಿ ತಗ್ಗಿ, ಗುಡುಗು ದೂರ ಸರಿದ ಮೇಲೆ ಬಾಗಿಲು ತೆರೆದರು. ಯಾರೂ ಹೆಜ್ಜೆ ಮುಂದಿಡಲಿಲ್ಲ. ಮರದ ಅರ್ಧಭಾಗ ನೆಲದ ಮೇಲಿತ್ತು. ಅದರ ಮೇಲೆ, ತಾರಸಿಯ ಅಂಚಿನ ಗೋಡೆ ಉದ್ದಕ್ಕೆ ಕಳಚಿ ಬಿದ್ದಿತ್ತು. ಹತ್ತು ನಿಮಿಷದ ಹಿಂದೆ ಹನ್ನೊಂದು ಸಂಸಾರ ನಿಂತಿದ್ದ ಜಾಗ ಅದು. ಅತ್ತೆಯ ಕುರ್ಚಿ ಇದ್ದ ಜಾಗದಲ್ಲಿ ಇಟ್ಟಿಗೆಯ ಗುಡ್ಡೆ.

ಮೊದಲು ಮಾತಾಡಿದ್ದು ಇಸ್ತ್ರಿ ಅಕ್ಕ. ಮೆಲ್ಲಗೆ, ಹೆಚ್ಚುಕಡಿಮೆ ಭಕ್ತಿಯಿಂದಲೇ ಎಂದಳು: "ಗೋಡೆ."

"ಮಾಸ್ಟ್ರು ಹೇಳಿದ್ರು," ಎಂದ ಅರ್ಧ ಗಡ್ಡದವನು.

"ನಾನು ಹೇಳಿದ್ದು ಈ ಗೋಡೆ ಅಲ್ಲ," ಎಂದರು ಮಾಸ್ಟ್ರು. "ನಾನು ಹೇಳಿದ್ದು ಪಶ್ಚಿಮದ ಮೋಡ. ಇದು ಪೂರ್ವದ ಗೋಡೆ."

"ದಿಕ್ಕು ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು," ಎಂದು ಪೋಸ್ಟ್‌ಮಾಸ್ಟರು ಔದಾರ್ಯ ತೋರಿದರು. "ಅದೆಲ್ಲ ದೊಡ್ಡ ವಿಷಯವಲ್ಲ."

ಮಾಸ್ಟ್ರು ವಾದಕ್ಕೆ ನಿಲ್ಲಲಿಲ್ಲ, ವರದಿ ಮಾಡಬೇಕಿತ್ತು. ಆಲಿಕಲ್ಲು ಎತ್ತಿಕೊಂಡರು: ನಿಂಬೆಹಣ್ಣು, ಎರಡು ಮಾತಿಲ್ಲ. ಮುರಿದ ಕೊಂಬೆಗೆ ಟೇಪು ಸುತ್ತಿದರು. ಬಿದ್ದ ಗೋಡೆಯನ್ನು ಅಳೆದರು: ಹನ್ನೊಂದಡಿ ನಾಲ್ಕಿಂಚು. ಬರೆದುಕೊಳ್ಳುತ್ತಿದ್ದಾಗ ಯಾರೋ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. ಎಂಜಿನಿಯರು. ಮುಖ ಸುಣ್ಣದಂತೆ ಬಿಳುಪೇರಿತ್ತು.

"ಮಾಸ್ಟ್ರೇ, ಒಂದು ಮಾತು. ಗೋಡೆ ಬಿದ್ದದ್ದು ಎಷ್ಟಕ್ಕೆ ಅಂತ ಬರೀತೀರಿ?"

"ನಾಲ್ಕು ಮೂವತ್ತೆಂಟು."

"ನಾಲ್ಕು ಇಪ್ಪತ್ತು ಅಂತ ಬರೀರಿ."

"ಯಾಕೆ?"

"ನನ್ನ ಸರ್ಟಿಫಿಕೇಟು ನಾಲ್ಕು ಇಪ್ಪತ್ತೆಂಟಕ್ಕಿದೆ. ಎಲ್ಲ ರೀತಿಯಿಂದಲೂ ಭದ್ರ ಅಂತ ನಾನು ಬರೆದ ಹತ್ತು ನಿಮಿಷಕ್ಕೆ ಬಿತ್ತು ಅಂದ್ರೆ ನನ್ನ ಗತಿ ಏನು? ಮೊದಲೇ ಬಿದ್ದಿತ್ತು ಅಂದ್ರೆ, ನಾನು ಬಂದು ನೋಡಿ, ಉಳಿದದ್ದು ಭದ್ರ ಅಂತ ಬರೆದ ಹಾಗಾಯ್ತು. ಯಾರಿಗೂ ನಷ್ಟ ಇಲ್ಲ." ಆಮೇಲೆ ಎಂಜಿನಿಯರು ಧ್ವನಿ ಬದಲಿಸಿದರು. "ಅಂದ ಹಾಗೆ, ನಿಮ್ಮ ಅಂಗಡಿ ಮೇಲೆ ಹೊಸ ಬೋರ್ಡು ಬಂದಿದೆಯಲ್ಲ. ಅದಕ್ಕೆ ಪುರಸಭೆ ಪರವಾನಗಿ ತಗೊಂಡಿದ್ದೀರಾ?"

ತಗೊಂಡಿರಲಿಲ್ಲ. ಮಾಸ್ಟ್ರು ಬೋರ್ಡಿನ ಕಡೆ ನೋಡಿದರು. ಆಲಿಕಲ್ಲಿಗೆ ಅದರ ಒಂದು ಮೂಲೆ ನೆಗ್ಗಿತ್ತು. ನಂಬರ್ ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು. ಅದು ಅಲ್ಲಿ ತೂಗುವುದು ಅವರಿಗೆ ಎಷ್ಟು ಇಷ್ಟವೆಂದು ಹೇಳಿ ಮುಗಿಯದು.

"ಸಾರ್," ಎಂದರು ಮಾಸ್ಟ್ರು ನಿಧಾನವಾಗಿ. "ನಿಮ್ಮ ಪ್ಯಾಂಟು ನನ್ನ ಹತ್ತಿರ ಇದೆ. ಬುಧವಾರ ಕೊಡ್ತೀನಿ ಅಂದಿದ್ದೆ. ಯಾವ ಬುಧವಾರ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಟ್ಟೆ ವಿಷಯದಲ್ಲಿ ನಾನು ಸುಳ್ಳುಗಾರ, ನಾಲ್ಕು ಜನರ ಮುಂದೆ ಒಪ್ಕೋತೀನಿ. ಆದರೆ ಇದು ಬಟ್ಟೆ ಅಲ್ಲ. ನಾಲ್ಕು ಮೂವತ್ತೆಂಟು ಅಂದ್ರೆ ನಾಲ್ಕು ಮೂವತ್ತೆಂಟು."

ಹಾಗೆ ಹೇಳಿ, ಎಂಜಿನಿಯರ ಎದುರಿಗೇ ಫೋನು ಮಾಡಿದರು. ಏನು, ಎಲ್ಲಿ, ಯಾವ ಕಡೆ, ಗಂಟೆ ಎಷ್ಟು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಮೇಡಂ ಒಮ್ಮೆಯೂ ಅಡ್ಡ ಪ್ರಶ್ನೆ ಕೇಳಲಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತಿದ್ದ ಜನರೆಲ್ಲ ಉಸಿರು ಬಿಗಿಹಿಡಿದು ಕೇಳಿದರು.

ಶನಿವಾರ ಪುರಸಭೆಯವರು ಏಣಿ ತಂದು ಬೋರ್ಡು ಬಿಚ್ಚಿಕೊಂಡು ಹೋದರು. ಹೋಗುವಾಗ ತಾರಸಿಯ ಬಾಗಿಲಿಗೆ ಬೀಗ ಜಡಿದು, 'ಅಪಾಯ, ಪ್ರವೇಶವಿಲ್ಲ' ಎಂದು ಚೀಟಿ ಅಂಟಿಸಿದರು. ಆ ಚೀಟಿಗೆ ಸೀಲು ಇತ್ತು. ಅಂಗಡಿಯಿಂದ ನೋಡಿದರೆ ಮಾಸ್ಟ್ರಿಗೆ ಕಾಣುತ್ತಿದ್ದ ಆಕಾಶ ಒಂದು ಕರವಸ್ತ್ರದಷ್ಟು. ಅದೂ ಪೂರ್ವದ್ದು, ಹೊರಟುಹೋದ ಮೋಡಗಳದ್ದು. ಆ ದಿನ ಅವರು ಮೂರು ಶರಟು ಹೊಲಿದರು. ಮೂರನ್ನೂ ಹೇಳಿದ ದಿನಕ್ಕೇ ಕೊಡುವ ಲಕ್ಷಣ ಕಂಡು ಹೆಂಡತಿಗೆ ಗಾಬರಿಯಾಯಿತು.

ಸೋಮವಾರ ಮೇಡಂ ಅವರೇ ಫೋನು ಮಾಡಿದರು.

"ನಲವತ್ತೇಳು, ನಿಮಗೆ ಒಂದು ವಿಷಯ ಹೇಳ್ಬೇಕಿತ್ತು. ನಿಮ್ಮಿಂದ ಪೂರ್ವಕ್ಕೆ ಒಂಬತ್ತು ಕಿಲೋಮೀಟರ್ ದೂರದಲ್ಲಿ ಒಂದು ಶಾಲೆ ಇದೆ. ಗುರುವಾರ ಅಲ್ಲಿ ಆಟದ ಸ್ಪರ್ಧೆ. ಆರುನೂರು ಮಕ್ಕಳು ಬಯಲಲ್ಲಿದ್ರು. ರಾಡಾರಲ್ಲಿ ನಮಗೆ ಅನುಮಾನ ಇತ್ತು, ಖಾತ್ರಿ ಇರಲಿಲ್ಲ. ನಿಮ್ಮ ನಾಲ್ಕು ಹನ್ನೆರಡರ ವರದಿ ಬಂದ ಮೇಲೆ ಎಚ್ಚರಿಕೆ ಕೊಟ್ವಿ. ಅರ್ಧ ಗಂಟೇಲಿ ಎಲ್ಲರನ್ನೂ ಒಳಗೆ ಕಳಿಸಿದ್ರಂತೆ. ಆಲಿಕಲ್ಲು ಬಿದ್ದಾಗ ಬಯಲಲ್ಲಿ ಇದ್ದದ್ದು ಡೇರೆ ಮಾತ್ರ. ಅದು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ."

"ಸರಿ ಮೇಡಂ," ಎಂದರು ಮಾಸ್ಟ್ರು. ಫೋನು ಇಟ್ಟು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕೂತರು. ಪೋಣಿಸಲಾಗಲಿಲ್ಲ. ಅತ್ತೆ ಬಂದು ಸೂಜಿ ಕಸಿದುಕೊಂಡು, ಪೋಣಿಸಿ ಕೊಟ್ಟು, "ಯಾರು ಫೋನಲ್ಲಿ?" ಎಂದರು. ಮಾಸ್ಟ್ರು ಹೇಳಿದರು. ಅತ್ತೆ ಒಳಗೆ ಹೋಗಿ ಮಗಳಿಗೆ, "ನಿನ್ನ ಗಂಡನಿಗೆ ಮೊದಲು ಕಾಫಿ ಕೊಡು, ನನಗೆ ಆಮೇಲೆ," ಎಂದದ್ದು ಮಾತ್ರ ಪರದೆಯ ಈಚೆಗೆ ಕೇಳಿಸಿತು.

ಕಾಫಿ ಬರುವ ಮೊದಲೇ ಪೋಸ್ಟ್‌ಮಾಸ್ಟರು ಬಂದರು.

"ಮಾಸ್ಟ್ರೇ, ಸ್ವಲ್ಪ ಮೇಲೆ ಬನ್ನಿ. ನಮ್ಮ ಪಶ್ಚಿಮದ ಗೋಡೆ ನೋಡಿ ಹೇಳ್ಬೇಕು."

"ಗೋಡೆ ನನ್ನ ವಿಭಾಗ ಅಲ್ಲ ಸಾರ್. ಎಂಜಿನಿಯರನ್ನ ಕೇಳಿ."

"ಎಂಜಿನಿಯರು ಭದ್ರ ಅಂದ್ರು, ಬಿತ್ತು. ನೀವು ಬೀಳುತ್ತೆ ಅಂದ್ರಿ, ಬಿತ್ತು. ನಾನು ನ್ಯಾಯವಾಗಿ ಯಾರನ್ನ ಕರೀಬೇಕು?"

ಮಾಸ್ಟ್ರು ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದರು. ಮೆಟ್ಟಿಲು ಹತ್ತುವಾಗ, ಗೋಡೆಗೆ ಏನೂ ಆಗಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಇಳಿದುಬಿಡುವುದೆಂದು ನಿಶ್ಚಯಿಸಿಕೊಂಡಿದ್ದರು. ಪೋಸ್ಟ್‌ಮಾಸ್ಟರು ಮಲಗುವ ಕೋಣೆಯ ಬಾಗಿಲು ತೆರೆದರು.

ಗೋಡೆಯಲ್ಲಿ ದೊಡ್ಡದೊಂದು ಕಿಟಕಿ ಇತ್ತು. ಕಿಟಕಿಯ ತುಂಬ ಪಶ್ಚಿಮದ ಆಕಾಶ. ಅಡ್ಡಕ್ಕೆ ಒಂದು ಮರವಿಲ್ಲ, ಒಂದು ಕಂಬವಿಲ್ಲ, ಬೇಕರಿಯ ಚಿಮಣಿಯೂ ಇಲ್ಲ. ತೀರಾ ದೂರದಲ್ಲಿ ಒಂದು ಪುಟ್ಟ ಮೋಡ ಆಗ ತಾನೇ ತಲೆ ಎತ್ತುತ್ತಿತ್ತು. ಕಿಟಕಿಯ ಪಕ್ಕದಲ್ಲೇ ಕೈಯಿರುವ ಕುರ್ಚಿ.

ಮಾಸ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಗೋಡೆಯ ಮೇಲೆ ಒಮ್ಮೆ ಬೆರಳಾಡಿಸಿದರು. ಕಣ್ಣು ಮಾತ್ರ ಕಿಟಕಿಯ ಆಚೆಗೇ ಇತ್ತು.

"ಹೇಗಿದೆ ಮಾಸ್ಟ್ರೇ?" ಎಂದರು ಪೋಸ್ಟ್‌ಮಾಸ್ಟರು ಆತಂಕದಿಂದ.

"ಸದ್ಯಕ್ಕೆ ಪರವಾಗಿಲ್ಲ," ಎಂದರು ಮಾಸ್ಟ್ರು ಗಂಭೀರವಾಗಿ. "ಆದರೆ ಹೀಗೆ ಒಂದು ಸಲ ನೋಡಿ ಹೇಳೋ ವಿಷಯ ಅಲ್ಲ ಇದು. ದಿನಾ ಮಧ್ಯಾಹ್ನ ಬಂದು ನೋಡ್ಬೇಕಾಗುತ್ತೆ."